ಎದೆಯ ಆಪರೇಷನ್: ಸಹಿಗೆ ಮೊದಲು ಕನ್ನಡದಲ್ಲಿ ಹೇಳಿ

ಮಾನ್ಯ ಸಂಪಾದಕರೇ,

ನಾನು ಬದಿಯಡ್ಕದ ಹತ್ತಿರ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಕಳೆದ ವಾರ ಅಳತೆ ಕೊಡಲು ಬಂದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಎದೆ ದೊಡ್ಡದು ಮಾಡುವ ಆಪರೇಷನ್, ಒಂದೇ ಗಂಟೆ, ಮಾರನೇ ದಿನ ಮನೆಗೆ ಅಂತ ಇತ್ತು. "ಅಕ್ಕಾ, ಮದುವೆಗೆ ಮುಂಚೆ ಮಾಡಿಸಿಕೊಂಡರೆ ಹೇಗೆ?" ಎಂದು ಕೇಳಿದಳು. ಅವಳಿಗೆ ಹತ್ತೊಂಬತ್ತು. ಅದನ್ನು ಮಾಡಿಸಿಕೊಂಡವಳೇ ಟೇಪು ಹಿಡಿದು ಎದುರಿಗೆ ನಿಂತಿದ್ದಾಳೆ ಅಂತ ಅವಳಿಗೆ ಗೊತ್ತಿರಲಿಲ್ಲ. ನನ್ನ ಗಂಡ, ಅಕ್ಕ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಎರಡು ಕಡೆ ಸ್ವಲ್ಪ ಹೆಚ್ಚುಕಮ್ಮಿ ಇರುವುದು ಮಾಮೂಲು. ಇಷ್ಟು ವರ್ಷ ಅಳತೆ ತೆಗೆದಿದ್ದೇನೆ, ಸರಿಸಮ ಇರುವವರನ್ನು ಕಂಡದ್ದೇ ಕಡಿಮೆ. ನನ್ನದು ಹಾಗಿರಲಿಲ್ಲ. ಎಡ ಎದೆ ಬೆಳೆಯಲೇ ಇಲ್ಲ. ರವಿಕೆಯೊಳಗೆ ಹತ್ತಿ ಇಟ್ಟು ಹೊಲಿದುಕೊಂಡು ದಿನ ತಳ್ಳಿದೆ. 2019ರ ನವೆಂಬರಿನಲ್ಲಿ, 36ನೇ ವಯಸ್ಸಿಗೆ, ಚೀಟಿ ಹಣ ಎತ್ತಿ ಮಂಗಳೂರಿಗೆ ಹೋಗಿ ಎಡಗಡೆಗೆ ಸಿಲಿಕೋನ್ ಇಂಪ್ಲಾಂಟ್, ಅಂದರೆ ಎದೆಯೊಳಗೆ ಇಡುವ ಜೆಲ್ ತುಂಬಿದ ಚೀಲ, ಹಾಕಿಸಿಕೊಂಡೆ. ಮಾಡಿಸಿಕೊಂಡದ್ದಕ್ಕೆ ನನಗೆ ಇವತ್ತಿಗೂ ಬೇಸರ ಇಲ್ಲ. ಬೇಸರ ಬೇರೆಯದಕ್ಕೆ. ಸಹಿ ಹಾಕಿದ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸು ಓದಿದವಳು ನಾನು. ಬೆರಳು ತೋರಿಸಿದ ಕಡೆ ಸಹಿ ಹಾಕಿದೆ.

ಆಪರೇಷನ್ ಬೇಗ ಮುಗಿಯಿತು, ಅದು ನಿಜ. ಆದರೆ ಎಚ್ಚರವಾದಾಗ ಎದೆ ಮೇಲೆ ಅರೆಯುವ ಕಲ್ಲು ಇಟ್ಟ ಹಾಗೆ ಬಿಗಿತ. ಮಾಂಸಖಂಡದ ಅಡಿಯಲ್ಲಿ ಇಟ್ಟಿದ್ದರಿಂದ ನೋವು ಜಾಸ್ತಿ ಅಂತ ನರ್ಸಮ್ಮ ಹೇಳಿದರು. ಆರು ವಾರ ಬಾವಿಯಿಂದ ನೀರು ಸೇದುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ, ಮಗ್ಗುಲಾಗಿ ಮಲಗುವ ಹಾಗಿಲ್ಲ. ಎರಡು ವಾರಕ್ಕೆ ಮಿಷನ್ ತುಳಿದೆ, ಆದರೆ ಕತ್ತರಿ ಹಿಡಿದು ದಪ್ಪ ಬಟ್ಟೆ ಕತ್ತರಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಹತ್ತನೇ ದಿನ ಕನ್ನಡಿ ನೋಡಿ ಅತ್ತುಬಿಟ್ಟೆ. ಎಡಗಡೆಯದು ಮೇಲೆ ಏರಿ ಕೂತಿತ್ತು, ಗಟ್ಟಿಯಾಗಿತ್ತು. ಊತ ಇಳಿದು, ಕೆಳಗೆ ಜಾರಿ, ಅದರದ್ದೇ ಆಕಾರಕ್ಕೆ ಬರಲು ತಿಂಗಳುಗಳು ಬೇಕು ಎಂದು ಮೊದಲೇ ಒಂದು ಮಾತು ಹೇಳಿದ್ದರೆ ಅಳುತ್ತಿರಲಿಲ್ಲ, ಅಲ್ವಾ? ತೊಟ್ಟಿನ ಸುತ್ತ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ವರ್ಷದ ಮೇಲೆ ಅರ್ಧ ತಿರುಗಿ ಬಂತು. ಉಳಿದರ್ಧ ಬರಲೇ ಇಲ್ಲ.

ಆರು ತಿಂಗಳಿಗೆ ತೋರಿಸಲು ಬರಬೇಕಿತ್ತು. ಅಷ್ಟರಲ್ಲಿ 2020ರ ಮಾರ್ಚಿನಲ್ಲಿ ಕೊರೊನಾ ಬಂತು. ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದು ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಮಂಗಳೂರಿಗೆ ತಲುಪಲಾಗದೆ ರೋಗಿಗಳು ತೀರಿಕೊಂಡ ಕಾಲದಲ್ಲಿ ನನ್ನ ಚೆಕಪ್ ಯಾವ ಲೆಕ್ಕ? ಗಡಿ ತೆರೆದ ಮೇಲೂ ನಾಚಿಕೆಯಿಂದ ನಾನು ಹೋಗಲಿಲ್ಲ.

2024ರಲ್ಲಿ ನನಗೇ ಒಂದು ರವಿಕೆ ಹೊಲಿಯುವಾಗ ಎಡಗಡೆಯ ಟಕ್ಸ್ (ಎದೆಯ ಉಬ್ಬಿಗೆ ಹಾಕುವ ಮಡಿಕೆ) ಅರ್ಧ ಇಂಚು ಮೇಲೆ ಕೂತಿತು. ಬಿಚ್ಚಿ ಮತ್ತೆ ಹೊಲಿದೆ. ಮತ್ತೆ ಅದೇ. ಎದೆ ಮುಟ್ಟಿ ನೋಡಿದರೆ ಹಸಿ ಅಡಿಕೆಯ ಹಾಗೆ ಗಟ್ಟಿ. ಕ್ಯಾನ್ಸರ್ ಎಂದುಕೊಂಡು ಮೂರು ರಾತ್ರಿ ನಿದ್ದೆ ಇಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಕನ್ನಡದಲ್ಲಿ, ಕೂರಿಸಿಕೊಂಡು ಹೇಳಿದರು. ಹೊರಗಿನ ವಸ್ತು ಒಳಗೆ ಹೋದರೆ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದಂತೆ. ಕೆಲವರಲ್ಲಿ ಆ ಪೊರೆ ಬಿಗಿದು ಇಂಪ್ಲಾಂಟನ್ನು ಹಿಂಡುತ್ತದೆ. ನನಗೆ ಆದದ್ದು ಅದೇ. ಬಳೆ ಅಡವಿಟ್ಟು ಇನ್ನೊಂದು ಆಪರೇಷನ್ ಆಯಿತು. ಇನ್ಶೂರೆನ್ಸಿನವರು ಎರಡು ಸಲವೂ ಒಂದು ಪೈಸೆ ಕೊಡಲಿಲ್ಲ.

ಇಂಪ್ಲಾಂಟ್ ಜೀವನಪೂರ್ತಿ ಬರುವ ವಸ್ತುವಲ್ಲ ಎಂದು ಅವತ್ತೇ ನನಗೆ ಗೊತ್ತಾದದ್ದು. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೂ ಎಷ್ಟೋ ಸಲ ಹೊರಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಹಾಕಿಸಿ ಐದಾರು ವರ್ಷವಾದಾಗ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಎಂದು ಔಷಧ, ವೈದ್ಯಕೀಯ ಸಾಧನಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ಹಾಲುಣಿಸಲು ತೊಂದರೆಯಾಗಬಹುದು. ಮ್ಯಾಮೋಗ್ರಾಮ್‌ಗೆ (ಸ್ತನ ಕ್ಯಾನ್ಸರ್ ಪತ್ತೆಗೆ ತೆಗೆಯುವ ಎಕ್ಸ್‌ರೇ) ಹೋದಾಗ ಮೊದಲೇ ಹೇಳಬೇಕು, ಇಂಪ್ಲಾಂಟನ್ನು ಸರಿಸಿ ಹೆಚ್ಚಿನ ಚಿತ್ರ ತೆಗೆಯುತ್ತಾರೆ. ತರಿತರಿ ಮೈಯ ಕೆಲವು ಇಂಪ್ಲಾಂಟ್‌ಗಳಿಂದ ಅಪರೂಪದ ಒಂದು ಕ್ಯಾನ್ಸರ್ ಬರುತ್ತದೆ ಎಂದು 2019ರ ಜುಲೈನಲ್ಲಿ ಅವನ್ನು ಜಗತ್ತಿನಾದ್ಯಂತ ವಾಪಸು ಕರೆಸಿದ್ದರು. ನನ್ನದು ಆ ನವೆಂಬರಿನಲ್ಲಿ. ಹಾಕಿದ್ದು ಯಾವುದು ಅಂತ ಕೇಳುವಷ್ಟೂ ನನಗೆ ತಿಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಇಂಪ್ಲಾಂಟಿನ ಕಾರ್ಡು ರೇಷನ್ ಕಾರ್ಡಿನ ಡಬ್ಬದಲ್ಲಿತ್ತು. ಡಾಕ್ಟರಮ್ಮ ನಂಬರು ನೋಡಿ ನುಣುಪು ಮೈಯದ್ದು ಎಂದಾಗ ಉಸಿರು ಬಂತು.

ಅಮೆರಿಕದಲ್ಲಿ 2021ರಿಂದ ಇವನ್ನೆಲ್ಲ ಬರೆದ ಒಂದು ಪಟ್ಟಿಯನ್ನು ಡಾಕ್ಟರು ಓದಿಸಿ, ವಿವರಿಸಿ, ಸಹಿ ಮಾಡಿಸಿಕೊಂಡ ಮೇಲೆಯೇ ಆಪರೇಷನ್. ಅಲ್ಲಿ ಸೌಂದರ್ಯಕ್ಕಾಗಿ ಸಿಲಿಕೋನ್ ಇಂಪ್ಲಾಂಟಿಗೆ ಒಪ್ಪಿಗೆ ಇರುವುದು 22 ವರ್ಷ ತುಂಬಿದವರಿಗೆ ಮಾತ್ರ. ಗಡಿಯ ಆಚೆ ಈಚೆ ಇರುವ ಆಸ್ಪತ್ರೆಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಅಂಥದೊಂದು ಹಾಳೆ ಕನ್ನಡದಲ್ಲಿ ಕೊಡಿ, ಮನೆಗೆ ಒಯ್ದು ಓದಲು ಒಂದು ವಾರ ಬಿಡಿ. ನಿಮ್ಮ ಆರೋಗ್ಯ ಪುಟದಲ್ಲೂ ಒಬ್ಬ ಪ್ಲಾಸ್ಟಿಕ್ ಸರ್ಜನ್ ಕೈಯಲ್ಲಿ ಬರೆಸಿ.

ಆ ಹುಡುಗಿಗೆ ಭಾನುವಾರ ಬಾ ಎಂದಿದ್ದೇನೆ. ಎಲ್ಲವನ್ನೂ ಹೇಳುತ್ತೇನೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ. ಮಗಳು ಪ್ಲಸ್ ಟು ಓದುತ್ತಿದ್ದಾಳೆ. ಅಮ್ಮನಿಗೆ ಗಡ್ಡೆ ತೆಗೆದದ್ದು ಎಂದು ಅವಳು ನಂಬಿದ್ದಾಳೆ. ಪತ್ರಿಕೆಯಲ್ಲಿ ಓದಿ ತಿಳಿಯುವುದು ಬೇಡ, ಅವಳಿಗೆ ನಾನೇ ಹೇಳಬೇಕು.

— ಓರ್ವ ಓದುಗಿ, ಬದಿಯಡ್ಕ, ಕಾಸರಗೋಡು