ಟೈಲ್ಸ್ ಕೊರೆಯುವಾಗ ಒಂದು ಚೊಂಬು ನೀರು ಕೊಡಿ

ಮಾನ್ಯ ಸಂಪಾದಕರೇ,

ಸಾಗರ, ಹೊಸನಗರ ಕಡೆ 22 ವರ್ಷದಿಂದ ಟೈಲ್ಸ್, ಬಾತ್‌ರೂಮ್ ಫಿಟಿಂಗ್ ಕೆಲಸ ಮಾಡುತ್ತಿದ್ದೇನೆ. ಮಳೆ ಹಿಡಿಯುವ ಮೊದಲು ಮನೆ ಒಕ್ಕಲು ಮುಗಿಸುವ ಅವಸರ ಎಲ್ಲರಿಗೂ. ಆ ಅವಸರದಲ್ಲೇ ಟೈಲ್ಸ್ ಒಡೆಯುತ್ತದೆ. ಆಮೇಲೆ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಹೋದ ತಿಂಗಳು ಒಂದು ಮನೆಗೆ ಹೋದೆ. ಗೀಸರ್ ಕೂರಿಸಲು ಹೋಗಿ ಎರಡು ಟೈಲ್ಸ್ ಸೀಳಿದ್ದವು. ಕೆಲಸಕ್ಕೆ ಬಂದ ಹುಡುಗ ಟೈಲ್ಸ್ ಕೊರೆಯುವ ಡೈಮಂಡ್ ಬಿಟ್ಟನ್ನೇ ತಂದಿದ್ದ. ಆದರೆ ಡ್ರಿಲ್ ಗುದ್ದುತ್ತಾ ಕೊರೆಯುವ ಹ್ಯಾಮರ್‌ನಲ್ಲಿತ್ತು, ನೀರಂತೂ ಇರಲೇ ಇಲ್ಲ. ಬಿಟ್ಟಿನ ಬಾಯಿ ನೀಲಿ ತಿರುಗಿತ್ತು, ಸವರಿದರೆ ನುಣ್ಣಗಿತ್ತು. ಹೊಸದು ಉಪ್ಪುಕಾಗದದ ಹಾಗೆ ತರಿತರಿ ಇರುತ್ತದೆ.

ಈ ಬಿಟ್ ಕಲ್ಲನ್ನು ಅರೆಯುತ್ತದೆ. ಸಣ್ಣ ಕೊಳವೆಯ ಬಾಯಿಗೆ ವಜ್ರದ ಪುಡಿಯನ್ನು ನಿಕ್ಕಲ್ ಲೇಪದಲ್ಲಿ ಹಿಡಿಸಿರುತ್ತಾರೆ. ಬಿಸಿ ಏರಿದರೆ ಪುಡಿ ಉದುರುತ್ತದೆ, ಗುದ್ದಿದರೂ ಅಷ್ಟೇ. ಅದಕ್ಕೇ ಹ್ಯಾಮರ್ ಆಫ್, ಸ್ಪೀಡ್ ಕಡಿಮೆ, ನೀರು ಜಾಸ್ತಿ.

ಕೊಳವೆಗೆ ಮೊನೆ ಇಲ್ಲ, ನುಣುಪಿನ ಮೇಲೆ ಜಾರುತ್ತದೆ. ನಾನು ಮೊದಲು ಓರೆ ಹಿಡಿಯುತ್ತೇನೆ. ಅರ್ಧಚಂದ್ರದ ಗೀರು ಬಿದ್ದಮೇಲೆ ನಿಧಾನಕ್ಕೆ ನೆಟ್ಟಗೆ ಮಾಡುತ್ತೇನೆ. ಅಡುಗೆಮನೆಯ ಗ್ರಾನೈಟೋ, ಮೇಜಿನ ಮೇಲೆ ಮಲಗಿಸಿದ ಗಾಜೋ ಆದರೆ ಮನೆಯವರ ಹತ್ತಿರ ಒಂದುಂಡೆ ಚಪಾತಿ ಹಿಟ್ಟು ಕೇಳುತ್ತೇನೆ. ಗುರುತಿನ ಸುತ್ತ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇನೆ. ನೀರು ಹಾಲಿನ ಹಾಗೆ ಬೆಳ್ಳಗಾದರೆ ಕೆಲಸ ಆಗುತ್ತಿದೆ ಎಂದರ್ಥ. ಆಗಾಗ ಬಿಟ್ ಮೇಲೆತ್ತಬೇಕು, ತಳಕ್ಕೂ ನೀರು ಇಳಿಯಬೇಕಲ್ವಾ? ಗಾಜಿನ ಅಡಿಗೆ ಹಲಗೆ ಬೇಕೇ ಬೇಕು. ಆಚೆ ಬದಿ ಹತ್ತಿರವಾದಾಗ ಕೈಭಾರ ಬಿಡಬೇಕು, ಇಲ್ಲದಿದ್ದರೆ ಚಕ್ಕೆ ಏಳುತ್ತದೆ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜನ್ನು ಮಾತ್ರ ಮುಟ್ಟಲೇಬೇಡಿ. ಅದಕ್ಕೆ ಫ್ಯಾಕ್ಟರಿಯಲ್ಲಿ ಕಾಯಿಸುವ ಮೊದಲೇ ತೂತು ಹಾಕಿಸಬೇಕು. ಆಮೇಲೆ ಕೊರೆಯಲು ಹೋದರೆ ಇಡೀ ಗಾಜು ಪುಡಿಪುಡಿ.

ಗೋಡೆಯಾದರೆ ಜೊತೆಗಾರ ಮುಚ್ಚಳಕ್ಕೆ ತೂತು ಹಾಕಿದ ಬಾಟ್ಲಿಯಿಂದ ನೀರು ಬಿಡುತ್ತಾನೆ. ನೀರಿರುವ ಕಡೆ ವೈರಿನ ಡ್ರಿಲ್ ಅಪಾಯ, ಬ್ಯಾಟರಿಯದ್ದೇ ಒಳ್ಳೆಯದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಟೈಲ್ಸಿನ ಹಿಂದೆ ಇರುವುದು ಜಂಬಿಟ್ಟಿಗೆ, ಅಂದರೆ ಮೆತ್ತನೆಯ ಕೆಂಪು ಕಲ್ಲು. ಟೈಲ್ಸ್ ದಾಟಿದ ಕೂಡಲೇ ಮಾಮೂಲಿ ಗೋಡೆ ಬಿಟ್ ಹಾಕಿದರೆ ಸಾಕು.

"ನೀರು ಬೇಡ, ಮನೆ ಗಲೀಜಾಗುತ್ತೆ" ಎನ್ನುವ ಮನೆಯವರಿಗೆ ಒಂದು ಮಾತು. ಗ್ರಾನೈಟ್, ಟೈಲ್ಸ್ ಧೂಳಿನಲ್ಲಿ ಸಿಲಿಕಾ ಇದೆ. ವರ್ಷಗಟ್ಟಲೆ ಅದನ್ನು ಉಸಿರಲ್ಲಿ ಎಳೆದುಕೊಂಡರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಅದು ವಾಸಿಯಾಗುವ ಕಾಯಿಲೆ ಅಲ್ಲ. ನಿಮ್ಮ ಮನೆಯಲ್ಲಿ ತೂತು ಎರಡೇ ಇರಬಹುದು, ನಮಗೆ ಇದು ದಿನಾ ಇದೆ. ನೀರು ಬಿಟ್ಟರೆ ಧೂಳು ಕೆಸರಾಗಿ ಕೆಳಗಿಳಿಯುತ್ತದೆ. ಆ ಕೆಸರನ್ನು ನಾವೇ ಒರೆಸಿ ಕೊಡುತ್ತೇವೆ.

ಹಾರ್ಡ್‌ವೇರ್ ಅಂಗಡಿಯವರಲ್ಲೂ ವಿನಂತಿ. ಬಿಟ್ ಕೊಡುವಾಗ "ನೀರು ಹಾಕಿ, ಹ್ಯಾಮರ್ ಬೇಡ" ಎಂದು ಒಂದು ಮಾತು ಹೇಳಿ. ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಬಾಕಿ ಇದ್ದ 10 ಎಂ.ಎಂ. ತೂತನ್ನು ಅವನ ಕೈಯಲ್ಲೇ ಕೊರೆಸಿದೆ. ನೀರು ನಾನು ಬಿಟ್ಟೆ. ನಾಲ್ಕೈದು ನಿಮಿಷ ಹಿಡಿಯಿತು. ಕೊಳವೆಯೊಳಗೆ ಅಂಗಿ ಗುಂಡಿಯಷ್ಟಗಲದ ಟೈಲ್ಸ್ ಬಿಲ್ಲೆ ಸಿಕ್ಕಿಕೊಂಡಿತ್ತು. ಅದನ್ನು ಮೊಳೆಯಿಂದ ತಳ್ಳಿ ತೆಗೆದು, ಒರೆಸಿ, ಜೇಬಿಗೆ ಹಾಕಿಕೊಂಡ.

– ಒಬ್ಬ ಟೈಲ್ಸ್ ಕೆಲಸಗಾರ, ಹೊಸನಗರ ತಾಲ್ಲೂಕು