ಮಗಳಿಗೊಂದು ಪತ್ರ: ಮಾಲ್ಟಾ ಒಂದೇ ಸಾಕು ಪುಟ್ಟಿ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನೀನು ಕಳಿಸಿದ ಪ್ರವಾಸದ ಪಟ್ಟಿಯನ್ನು ನಿಮ್ಮಪ್ಪ ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದಾರೆ. ನಮ್ಮಿಬ್ಬರನ್ನೂ ಮೆಡಿಟರೇನಿಯನ್ ದ್ವೀಪಗಳಿಗೆ ಕರೆದುಕೊಂಡು ಹೋಗಬೇಕು, ಅದೂ ನನಗೆ ಇಷ್ಟ ಅಂತ ಹಳೆಯ ಕಾಲದ ಜಾಗಗಳನ್ನೇ ತೋರಿಸಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದಕ್ಕೇ ನನ್ನ ಮನಸ್ಸು ತುಂಬಿ ಬಂತು. ಆದರೆ ಸಿಸಿಲಿ, ಮಾಲ್ಟಾ, ಕ್ರೀಟ್ ಮೂರನ್ನೂ ಒಂದೇ ಸಲಕ್ಕೆ ನೋಡುವುದು ಬೇಡ. ಹಾಗೆ ಮಾಡಿದರೆ ಅರ್ಧ ರಜೆ ವಿಮಾನ ನಿಲ್ದಾಣದಲ್ಲೇ ಕಳೆದುಹೋಗುತ್ತದೆ. ಸಿಸಿಲಿಯ ಅಗ್ರಿಜೆಂಟೋದ ಗ್ರೀಕ್ ದೇಗುಲಗಳು, ಕ್ರೀಟಿನ ಕ್ನೋಸಸ್ಸಿನ ಅರಮನೆ ಎರಡೂ ದೊಡ್ಡವೇ, ಒಪ್ಪುತ್ತೇನೆ. ಆದರೂ ಈ ಸಲ ಮಾಲ್ಟಾ ಮತ್ತು ಅದರ ಪಕ್ಕದ ಗೋಜೋ ಮಾತ್ರ ಇಟ್ಟುಕೊಳ್ಳೋಣ. ದಿನಕ್ಕೆ ಒಂದು ಜಾಗ, ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನ ಊಟ, ನಿದ್ದೆ, ಸಂಜೆ ಸಮುದ್ರದ ಪಕ್ಕ ಒಂದು ಸುತ್ತು.

ಮಾಲ್ಟಾ ದೇಶ ಪೂರ್ತಿ ಸೇರಿಸಿದರೂ 316 ಚದರ ಕಿಲೋಮೀಟರ್, ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಚಿಕ್ಕದು ಅನ್ನುವ ಕಾರಣಕ್ಕೇ ಅದನ್ನು ಎರಡು ದಿನದಲ್ಲಿ ಮುಗಿಸಿಬಿಡುವವರು ಇದ್ದಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಅಲ್ಲಿಯ ಕಲ್ಲಿನ ಗುಡಿಗಳಲ್ಲಿ ಹಳೆಯವು ಕ್ರಿ.ಪೂ. 3600ರ ಸುಮಾರಿನವು. ಗೀಜಾದ ಪಿರಮಿಡ್ಡಿಗಿಂತ ಸಾವಿರ ವರ್ಷ ಹಿಂದೆ, ಇಂಗ್ಲೆಂಡಿನ ಸ್ಟೋನ್‌ಹೆಂಜಿನ ದೊಡ್ಡ ಕಲ್ಲುಗಳು ಏಳುವುದಕ್ಕೂ ಎಷ್ಟೋ ಮೊದಲು, ಲೋಹವೇ ಗೊತ್ತಿಲ್ಲದ ಜನ ಅವನ್ನು ಕಟ್ಟಿದರು. ಒಂದು ಸಾವಿರ ವರ್ಷ ಕಟ್ಟುತ್ತಲೇ ಇದ್ದರು. ಕ್ರಿ.ಪೂ. 2500ರ ಹೊತ್ತಿಗೆ ಆ ಕೆಲಸ ನಿಂತುಹೋಯಿತು. ಒಂದು ಅಕ್ಷರವನ್ನೂ ಬರೆದಿಟ್ಟು ಹೋಗಲಿಲ್ಲ ಅವರು. ಅಂಥ ಜಾಗದಲ್ಲಿ ಬಸ್ಸಿಳಿದು, ಫೋಟೊ ತೆಗೆದು, ಮತ್ತೆ ಬಸ್ ಹತ್ತುವುದಕ್ಕೆ ನಾನು ಅಷ್ಟು ದೂರ ಬರಲಾರೆ ಪುಟ್ಟಿ. ಕಲ್ಲಿನ ಮುಂದೆ ಸುಮ್ಮನೆ ಕೂತಿರಬೇಕು ನನಗೆ.

ಮಾರ್ಚ್ ತಿಂಗಳಲ್ಲಿ ಹೋಗೋಣ. ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲೂ ಹೆಚ್ಚು, ಜನವೂ ಹೆಚ್ಚು, ಅಲ್ಲಿ ಮರದ ನೆರಳೂ ಅಷ್ಟಕ್ಕಷ್ಟೇ. ಮಾರ್ಚಿನಲ್ಲಿ ಚಳಿಗಾಲದ ಮಳೆ ಕುಡಿದ ನೆಲ ಹಸಿರಾಗಿ, ಹೊಲದ ಬದುಗಳ ಮೇಲೆಲ್ಲ ಕಾಡುಹೂವು ಇರುತ್ತದೆ. ಸಮುದ್ರ ತಣ್ಣಗಿರುತ್ತದೆ, ನಿಜ, ಆದರೆ ನಾವೇನು ಈಜುವವರಲ್ಲವಲ್ಲ. ಗಾಳಿ ಜೋರು. ನಿಮ್ಮಪ್ಪನಿಗೆ ಸ್ವೆಟರ್, ಮಂಕಿ ಕ್ಯಾಪ್ ಎರಡನ್ನೂ ನಾನೇ ಇಟ್ಟುಕೊಳ್ಳುತ್ತೇನೆ. ಮಾರ್ಚ್ 19 ಮತ್ತು 31 ಅಲ್ಲಿ ಸರ್ಕಾರಿ ರಜೆ, ಅದನ್ನೂ ಗಮನದಲ್ಲಿಟ್ಟುಕೋ.

ಮಾರ್ಚ್ ಅಂತ ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣ ಇಮ್ನೈದ್ರಾ. ದಕ್ಷಿಣದ ಕಡಲಂಚಿನ ಇಳಿಜಾರಿನಲ್ಲಿರುವ ಗುಡಿಗಳ ಗುಂಪು ಅದು. ಅದರಲ್ಲಿ ಒಂದರ ಬಾಗಿಲು ಪೂರ್ವಕ್ಕಿದೆ. ಹಗಲು ರಾತ್ರಿ ಸಮವಾಗುವ ದಿನ, ಅಂದರೆ ಮಾರ್ಚ್ 20ರ ಆಸುಪಾಸು, ಹುಟ್ಟುವ ಸೂರ್ಯನ ಬೆಳಕು ಹೆಬ್ಬಾಗಿಲಿನಿಂದ ನೇರವಾಗಿ ಒಳಗೆ ಹೋಗಿ ನಡುವಿನ ದಾರಿಯುದ್ದಕ್ಕೂ ಬೀಳುತ್ತದೆ. ಜೂನ್ ಮತ್ತು ಡಿಸೆಂಬರಿನ ಅಯನದ ದಿನಗಳಲ್ಲಾದರೆ ಅದೇ ಬೆಳಕು ಪಕ್ಕಕ್ಕೆ ಸರಿದು, ಒಳಬಾಗಿಲಿನ ಅಕ್ಕಪಕ್ಕದ ಕಲ್ಲುಗಳ ಅಂಚನ್ನು ಮುಟ್ಟುತ್ತದೆ. ಐದು ಸಾವಿರ ವರ್ಷದ ಹಿಂದಿನ ರೈತರು ವರ್ಷದ ಲೆಕ್ಕವನ್ನು ಕಲ್ಲಿನಲ್ಲಿ ಕೂರಿಸಿದ್ದಾರೆ. ಸಮರಾತ್ರಿಯ ದಿನ ಬೆಳಗಿನ ಜಾವ ಕೆಲವೇ ಜನರನ್ನು ಒಳಗೆ ಬಿಡುತ್ತಾರೆ, ಅದಕ್ಕೆ ಬೇರೆ ಟಿಕೆಟ್. ಸಿಕ್ಕರೆ ನನ್ನ ಪುಣ್ಯ. ಮೋಡ ಕವಿದರೆ ಕವಿಯಲಿ, ಆ ಬಾಗಿಲಲ್ಲಿ ನಿಂತಂತಾದರೂ ಆಗುತ್ತದೆ.

ಇಮ್ನೈದ್ರಾದಿಂದ ಅರ್ಧ ಕಿಲೋಮೀಟರ್ ಮೇಲೆ ಹಾಜರ್ ಇಮ್ ಅನ್ನುವ ಇನ್ನೊಂದು ಗುಡಿ ಇದೆ. ಎರಡನ್ನೂ ಒಂದೇ ಬೆಳಿಗ್ಗೆ ನೋಡಬಹುದು. ಇಳಿಯುವುದು ಸಲೀಸು, ಹತ್ತುವಾಗ ನಿಮ್ಮಪ್ಪನ ಮಂಡಿಯ ಗತಿ ನೆನಪಿಟ್ಟುಕೊಂಡು ಸಮಯ ಬಿಡು. ಹಾಜರ್ ಇಮ್ ಕಟ್ಟಿರುವುದು ಜೇನು ಬಣ್ಣದ ಮೆತು ಸುಣ್ಣಕಲ್ಲಿನಲ್ಲಿ. ಉಪ್ಪು ಗಾಳಿಗೆ, ಮಳೆಗೆ ಅದು ಪದರ ಪದರವಾಗಿ ಸವೆಯುತ್ತಿತ್ತು. ಅದಕ್ಕೇ 2009ರಲ್ಲಿ ಎರಡೂ ಕಡೆ ದೊಡ್ಡ ಬಿಳಿ ಡೇರೆಯಂಥ ಚಾವಣಿ ಹಾಕಿದರು. ಫೋಟೊಗೆ ಅಂದ ಕೆಡುತ್ತದೆ ಅಂತ ಬೈಯುವವರಿದ್ದಾರೆ. ನಾನು ಚಾವಣಿಯ ಪರ. ಕಲ್ಲು ಉಳಿಯಲಿ ಮೊದಲು.

ಅಲ್ಲಿ ಬಾಗಿಲುಗಳನ್ನು ನೋಡು. ಒಂದೇ ಚಪ್ಪಡಿಯ ನಡುವೆ ಚೌಕಾಕಾರದ ಕಂಡಿ ಕೊರೆದು, ಅದನ್ನೇ ಬಾಗಿಲು ಮಾಡಿದ್ದಾರೆ. ಇಮ್ನೈದ್ರಾದಲ್ಲಿ ಅಂಥ ಕಂಡಿಯ ಸುತ್ತ ಕಲ್ಲಿನ ಮೈತುಂಬ ಸಣ್ಣ ಸಣ್ಣ ಗುಳಿಗಳು, ಒಂದರ ಪಕ್ಕ ಒಂದು, ಬೆರಳು ಇಡುವಷ್ಟೂ ಜಾಗ ಬಿಡದಂತೆ. ಪ್ರತಿಯೊಂದು ಗುಳಿಯನ್ನೂ ಲೋಹದ ಉಪಕರಣ ಇಲ್ಲದೆ ತೋಡಿದ್ದು. ನಿನಗೆ ಹಿರೇಬೆಣಕಲ್ ನೆನಪಿದೆಯಾ? ಗಂಗಾವತಿ ಕಡೆಯಿಂದ ಬೆಟ್ಟ ಹತ್ತಿ ಹೋಗಿದ್ದೆವು, ನೀನಿನ್ನೂ ಹೈಸ್ಕೂಲು. ಚಪ್ಪಡಿ ಗೋಡೆಯ ದುಂಡು ಕಂಡಿಯೊಳಗೆ ತಲೆ ತೂರಿಸಿ ನೋಡಿದ್ದೆ ನೀನು. ಅವು ಸಮಾಧಿಗಳು, ಕಬ್ಬಿಣ ಯುಗದವು, ಮಾಲ್ಟಾದವಕ್ಕಿಂತ ಎರಡು ಸಾವಿರ ವರ್ಷಕ್ಕೂ ಈಚಿನವು. ಎರಡಕ್ಕೂ ನೆಂಟಸ್ತಿಕೆ ಏನೂ ಇಲ್ಲ. ಆದರೆ ನಮ್ಮ ಕಡೆಯವರು ಅಂಥವನ್ನು ಮೋರೇರ ಮನೆ ಅಂತ ಕರೆದು, ಕುಳ್ಳ ಜನ ಕಟ್ಟಿದ್ದು ಅನ್ನುತ್ತಾರೆ. ಗೋಜೋದವರು ತಮ್ಮ ಜಿಗಾಂತಿಯಾ ಗುಡಿಗಳನ್ನು ಒಬ್ಬ ದೈತ್ಯ ಹೆಂಗಸು ಕಟ್ಟಿದಳು ಅನ್ನುತ್ತಾರೆ, ಅವರೆಕಾಳಿನ ಜಾತಿಯ ಕಾಳು ಮತ್ತು ಜೇನು ತಿಂದುಕೊಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡೇ. ನಾನಂತೂ ಆ ಹೆಂಗಸಿನ ಕಥೆಯನ್ನು ಎಲ್ಲೂ ಬಿಟ್ಟುಕೊಡುವವಳಲ್ಲ.

ಈಗ ಮುಖ್ಯ ವಿಷಯ. ಹೋಟೆಲು, ವಿಮಾನ ಯಾವುದನ್ನೂ ಮುಟ್ಟುವ ಮೊದಲು ಹಲ್ ಸಫ್ಲಿಯೇನಿ ಹೈಪೋಜಿಯಂ ಅನ್ನುವ ನೆಲದಡಿಯ ಸಮಾಧಿಯ ಟಿಕೆಟ್ ತೆಗೆದುಕೋ. ಪಾವ್ಲಾ ಅನ್ನುವ ಊರಿನಲ್ಲಿ ಸಾಮಾನ್ಯ ಮನೆಗಳ ಸಾಲಿನ ಕೆಳಗೆ ಇದೆ ಅದು. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗೆ ಅಗೆಯುವಾಗ ಸಿಕ್ಕಿತು. ಮೂರು ಅಂತಸ್ತು, ಎಲ್ಲವೂ ಬಂಡೆಯೊಳಗೆ ಕೊರೆದದ್ದು, ಸುಮಾರು ಏಳು ಸಾವಿರ ಜನರ ಮೂಳೆಗಳು ಅಲ್ಲಿದ್ದವು ಅಂತ ಅಂದಾಜು. ನನಗೆ ಬೆರಗು ಹುಟ್ಟಿಸುವುದು ಒಂದು ಸಂಗತಿ. ಮೇಲಿನ ಗುಡಿಗಳಲ್ಲಿ ಕಲ್ಲಿನ ಮೇಲೆ ಕಲ್ಲು ಒಳಮುಖವಾಗಿ ಚಾಚಿಸುತ್ತ ಚಾವಣಿ ಮುಚ್ಚುತ್ತಿದ್ದರಲ್ಲ, ನೆಲದಡಿಯ ಇಡೀ ಬಂಡೆಯಲ್ಲಿ ಅದೇ ಆಕಾರವನ್ನು ಕೆತ್ತಿದ್ದಾರೆ. ಕಂಬ, ತೊಲೆ, ಬಾಗಿಲು, ಯಾವುದೂ ಏನನ್ನೂ ಹೊರಬೇಕಿಲ್ಲ, ಆದರೂ ಇವೆ. ಸತ್ತವರಿಗೂ ಬದುಕಿದ್ದವರ ಗುಡಿಯಂಥದ್ದೇ ಇರಲಿ ಅಂತಲೋ ಏನೋ. ಚಾವಣಿಯ ಮೇಲೆ ಕೆಮ್ಮಣ್ಣಿನಲ್ಲಿ ಬಳ್ಳಿಯಂತೆ ಸುತ್ತಿದ ಸುರುಳಿಗಳು. ಮನುಷ್ಯರ ಉಸಿರಿನ ತೇವಕ್ಕೆ ಆ ಬಣ್ಣ ಹಾಳಾಗುತ್ತದೆ ಅಂತ ಒಂದು ಸಲಕ್ಕೆ ಹತ್ತೇ ಜನರನ್ನು ಬಿಡುತ್ತಾರೆ. ಕ್ಯಾಮೆರಾ ನಿಷೇಧ. ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಖಾಲಿಯಾಗುತ್ತದೆ. ಉಳಿದ ಜಾಗಗಳಿಗೆಲ್ಲ ಅವನ್ನು ನೋಡಿಕೊಳ್ಳುವ ಹೆರಿಟೇಜ್ ಮಾಲ್ಟಾ ಸಂಸ್ಥೆಯವರ ಒಂದೇ ಪಾಸ್ ಸಾಕು, ಇದೊಂದು ಮಾತ್ರ ಅದರಲ್ಲಿ ಸೇರಿಲ್ಲ.

ಅಲ್ಲಿ ಸಿಕ್ಕಿದ ಮಲಗಿದ ಹೆಂಗಸಿನ ಮಣ್ಣಿನ ಗೊಂಬೆ ರಾಜಧಾನಿ ವಲ್ಲೆಟ್ಟಾದ ಪುರಾತತ್ವ ಮ್ಯೂಸಿಯಮ್ಮಿನಲ್ಲಿದೆ. ಉದ್ದ ಹನ್ನೆರಡು ಸೆಂಟಿಮೀಟರ್, ಅಂಗೈ ಮೇಲೆ ಇಡಬಹುದು. ಬಲಮಗ್ಗುಲಾಗಿ ಮಲಗಿ, ಒಂದು ಕೈ ತಲೆಯಡಿ ಇಟ್ಟುಕೊಂಡಿದ್ದಾಳೆ. ತುಂಬಿದ ತೋಳು, ತುಂಬಿದ ಸೊಂಟ, ಅಷ್ಟೊಂದು ಮೈಗೆ ಪುಟ್ಟ ಪುಟ್ಟ ಪಾದ. ಇಡೀ ಪ್ರವಾಸದಲ್ಲಿ ಒಂದೇ ವಸ್ತು ನೋಡಬಹುದು ಅಂದರೂ ನಾನು ಇದನ್ನೇ ಕೇಳುತ್ತೇನೆ. ಮ್ಯೂಸಿಯಂ ಮೊದಲ ದಿನವೇ ಇರಲಿ. ಗುಡಿಗಳ ಕೆತ್ತನೆಗಳಲ್ಲಿ ಒಳ್ಳೆಯವನ್ನು ಮಳೆಗಾಳಿಗೆ ಹೆದರಿ ಅಲ್ಲಿಗೆ ಸಾಗಿಸಿದ್ದಾರೆ. ತಾರ್ಶೀನ್ ಗುಡಿಗಳಲ್ಲಿ ನಿಂತಿರುವ ನೆರಿಗೆ ಲಂಗದ ದೊಡ್ಡ ಮೂರ್ತಿ ನಕಲು, ಅಸಲಿ ಇಲ್ಲಿದೆ. ಅಸಲಿಯನ್ನು ಕಣ್ಣಲ್ಲಿ ತುಂಬಿಕೊಂಡು ಹೋದರೆ ಬಯಲಿನ ಕಲ್ಲುಗಳು ಅರ್ಥವಾಗುತ್ತವೆ. ತಾರ್ಶೀನ್ ಹೈಪೋಜಿಯಂನಿಂದ ನಡೆದು ಹೋಗುವಷ್ಟೇ ದೂರ, ಎರಡೂ ಒಂದೇ ದಿನ ಮಾಡೋಣ. ಅಲ್ಲಿ ಸುರುಳಿ ಕೆತ್ತಿದ ಪೀಠವೊಂದರಲ್ಲಿ ಬಿರಡೆ ಹಾಕಿ ಮುಚ್ಚಿದ ಗೂಡು ಇದೆ, ಅದರೊಳಗೆ ಚಕಮಕಿ ಕಲ್ಲಿನ ಚೂರಿ ಸಿಕ್ಕಿತ್ತು. ಬಲಿ ಕೊಟ್ಟ ಮೇಲೆ ಅಲ್ಲಿ ಎತ್ತಿಡುತ್ತಿದ್ದರೇನೋ.

ಆಮೇಲೆ ಗೋಜೋ. ಒಂದು ದಿನದಲ್ಲಿ ಹೋಗಿ ಬರುವ ಪ್ಯಾಕೇಜು ಬೇಡ, ಉಳಿದ ದಿನಗಳನ್ನೆಲ್ಲ ಅಲ್ಲೇ ಕಳೆಯೋಣ. ಮಾಲ್ಟಾದ ಚಿರ್ಕೆವ್ವಾ ಬಂದರಿನಿಂದ ಹಡಗಿನಲ್ಲಿ ಅರ್ಧ ಗಂಟೆಯೂ ಇಲ್ಲ, ದುಡ್ಡು ಕೊಡಬೇಕಾದ್ದು ನಾವು ಮರಳಿ ಬರುವಾಗ ಮಾತ್ರ. ಶಾರಾ ಊರಲ್ಲೇ ಮನೆ ಸಿಕ್ಕರೆ ಜಿಗಾಂತಿಯಾಕ್ಕೆ ನಡೆದೇ ಹೋಗಬಹುದು. ಆರು ಮೀಟರ್ ಎತ್ತರದ ಗೋಡೆ, ಐವತ್ತು ಟನ್ ಮೀರುವ ಕಲ್ಲುಗಳು. ಬಾಗಿಲು ತೆರೆದ ಕೂಡಲೇ ಹೋಗಿ ಬಿಡೋಣ, ಟೂರಿಸ್ಟ್ ಬಸ್ಸುಗಳು ಬರುವ ಮುಂಚೆ. ಕೊಮಿನೋ ದ್ವೀಪದ ನೀಲಿ ಲಗೂನ್ ನಿನ್ನ ಪಟ್ಟಿಯಲ್ಲಿದೆ, ತೆಗೆದುಹಾಕು.

ಊಟಕ್ಕೆ ಯೋಚನೆಯಿಲ್ಲ. ಬಟಾಣಿ ತುಂಬಿದ ಪಾಸ್ತಿತ್ಸಿ ಬೀದಿ ಬೀದಿಯಲ್ಲಿ ಸಿಗುತ್ತದೆ. ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದಾರೆ ಅಂತ ಮಾತ್ರ ನೀನೇ ಕೇಳಿ ಕೊಡಿಸಬೇಕು. ಎಣ್ಣೆ ಟೊಮೆಟೊ ಸವರಿದ ಬ್ರೆಡ್ಡಿನಲ್ಲಿ ಟ್ಯೂನಾ ಮೀನು ಸೇರಿಸುತ್ತಾರೆ, ಬೇಡ ಅಂತ ಮೊದಲೇ ಹೇಳಬೇಕು. ಇಂಗ್ಲಿಷ್ ಅಲ್ಲಿ ಸರ್ಕಾರಿ ಭಾಷೆ ಆದ್ದರಿಂದ ನಿಮ್ಮಪ್ಪ ಅಂಗಡಿಯವರ ಜತೆ ಹರಟೆಗೆ ಕೂತೇ ಕೂರುತ್ತಾರೆ.

ವೀಸಾ: ನಿನ್ನ ಜತೆ ಮ್ಯೂನಿಕ್‌ನಲ್ಲೇ ಹೆಚ್ಚು ದಿನ ಇರುವುದರಿಂದ ನಾವು ಜರ್ಮನಿಗೇ ಅರ್ಜಿ ಹಾಕಬೇಕು. ಮಾಲ್ಟಾ ಕೂಡ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳ ಗುಂಪಿನಲ್ಲಿದೆ, ಅದೇ ವೀಸಾ ನಡೆಯುತ್ತದೆ. ಆರು ತಿಂಗಳ ಮುಂಚೆಯಿಂದ ಹಾಕಬಹುದು, ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಬೇಕು. ನಿನ್ನ ಆಮಂತ್ರಣದ ಕಾಗದ ಬೇಗ ಕಳಿಸು. ಅದಕ್ಕಿಂತ ಮೊದಲು ಹೈಪೋಜಿಯಂಗೆ ಯಾವ ದಿನ ಸಿಕ್ಕಿತು ಅಂತ ಫೋನ್ ಮಾಡು. ಆ ದಿನದ ಹಿಂದೆ ಮುಂದೆ ಉಳಿದದ್ದನ್ನು ಜೋಡಿಸೋಣ.

ನಿನ್ನ
ಅಮ್ಮ