ಹಸೆಗೋಡೆಯ ಜಾಗದಲ್ಲಿ ಫ್ಲೆಕ್ಸ್: ಮದುವೆ ವ್ಯವಸ್ಥೆಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಮದುವೆ ಕಾರ್ಯಕ್ರಮಗಳ ವಿಭಾಗ,
ಶಿವಮೊಗ್ಗ

ಇವರಿಂದ,
ಫೆಬ್ರವರಿಯಲ್ಲಿ ನಿಮ್ಮ ಮೂಲಕ ಮದುವೆ ಮಾಡಿಸಿಕೊಂಡ ಸಾಗರ ತಾಲ್ಲೂಕಿನ ಮದುಮಗಳು

ವಿಷಯ: ಒಪ್ಪಿಕೊಂಡಿದ್ದ ಹಸೆ ಚಿತ್ತಾರ ತೆಗೆದಿಟ್ಟು ಫ್ಲೆಕ್ಸ್ ಕಟ್ಟಿದ್ದು, ತಾಜಾ ಸಿಂಗಾರದ (ಅಡಿಕೆ ಹೂಗೊಂಚಲಿನ) ದುಡ್ಡು ಪಡೆದು ಪ್ಲಾಸ್ಟಿಕ್ ಹಾಕಿದ್ದು ಮತ್ತು ಬಿಲ್ ಇಲ್ಲದೆ ಹಣ ತೆಗೆದುಕೊಂಡಿದ್ದರ ಬಗ್ಗೆ

ಮಾನ್ಯರೇ,

ಮದುವೆ ಮುಗಿದು ಐದು ವಾರ ಆಯಿತು. ಇಷ್ಟರಲ್ಲಿ ನಿಮ್ಮ ಆಫೀಸಿಗೆ ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ಖುದ್ದಾಗಿ ಬಂದೆ. ಒಮ್ಮೆ ನೀವು ಇರಲಿಲ್ಲ. ಇನ್ನೊಮ್ಮೆ ನಿಮ್ಮ ಹುಡುಗ "ಮದುವೆ ಚೆನ್ನಾಗಿ ಆಯ್ತಲ್ಲ ಮೇಡಂ, ಈಗ ಯಾಕೆ ಅದೆಲ್ಲ" ಅಂದ. ಮದುವೆ ಆಯಿತು, ನಿಜ. ಆದರೆ ಆರು ತಿಂಗಳು ಕೂತು ಮಾತಾಡಿದ ಹಾಗೆ ಆಗಲಿಲ್ಲ. ಇನ್ನು ಬಾಯಿಮಾತಿನಿಂದ ಆಗುವುದಿಲ್ಲ ಅನ್ನಿಸಿ ಬರವಣಿಗೆಯಲ್ಲೇ ಕೊಡುತ್ತಿದ್ದೇನೆ.

ನಾನು ಏಳು ವರ್ಷ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಮಾಡಿದವಳು. ಡಿಸೆಂಬರ್‌ನಲ್ಲಿ ಆ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದೆ. ಇನ್ನು ಇರುವುದು ಶಿವಮೊಗ್ಗದಲ್ಲೇ. ಮದುವೆ ಊರಲ್ಲೇ ಮಾಡೋಣ ಅಂತ ಅಪ್ಪನಿಗೆ ಆಸೆ ಇತ್ತು. ಆದರೆ ಗಂಡಿನ ಕಡೆಯವರು ದಾವಣಗೆರೆಯಿಂದ ಬರಬೇಕು, ವಯಸ್ಸಾದವರು ಜಾಸ್ತಿ, ಉಳಿಯಲು ರೂಮು ಬೇಕು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಮೂವರು ನೆದರ್ಲೆಂಡ್ಸ್‌ನಿಂದಲೇ ಬರುವವರಿದ್ದರು. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೂರದಿಂದ ಬರುವವರಿಗೂ ಶಿವಮೊಗ್ಗ ಸುಲಭ. ಹಾಗಾಗಿ ಸಿಟಿಯಲ್ಲೇ ಛತ್ರ ಹಿಡಿದೆವು.

ನನಗೆ ಬೇಕಾಗಿದ್ದ ಮದುವೆ ಹೇಗಿರಬೇಕು ಅಂತ ಮೊದಲ ದಿನವೇ ಹೇಳಿದ್ದೆ. ಅಬ್ಬರ ಬೇಡ, ಅಂದ ಬೇಕು. ಡಿಜೆ ಬೇಡ, ಹೊಗೆ ಉಗುಳುವ ಯಂತ್ರ ಬೇಡ. ಕಂಬಕ್ಕೆ ಬಾಳೆ, ಚಪ್ಪರಕ್ಕೆ ಮಾವಿನ ತೋರಣ, ಮಂಟಪದ ನಾಲ್ಕು ಮೂಲೆಗೆ ತಾಜಾ ಅಡಿಕೆ ಸಿಂಗಾರ. ಎಣ್ಣೆ ದೀಪ. ಹಿಂದೆ ಹಸೆ ಚಿತ್ತಾರ. ಇಷ್ಟೇ. ಹೊರಗಿದ್ದಷ್ಟು ವರ್ಷವೂ ನನ್ನ ಮದುವೆ ಅಂತ ಕಣ್ಣಿಗೆ ಬರುತ್ತಿದ್ದದ್ದು ಇದೇ ಚಿತ್ರ.

ಹಸೆ ಅಂದರೆ ಏನು ಅಂತ ನಿಮಗೆ ಗೊತ್ತಿಲ್ಲದೇ ಇರಬಹುದು ಅಂತ ಆಗಲೇ ವಿವರವಾಗಿ ತಿಳಿಸಿದ್ದೆ. ನಾವು ಮಲೆನಾಡಿನ ದೀವರ ಸಮುದಾಯದವರು. ನಮ್ಮಲ್ಲಿ ಮದುವೆ ಅಂದರೆ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಆ ಹಸೆಗೋಡೆಯ ಎದುರು ಮದುಮಕ್ಕಳನ್ನು ಕೂರಿಸುತ್ತಾರೆ. ಅಕ್ಟೋಬರ್‌ನ ಆ ವಿಡಿಯೋ ಕಾಲ್ ನೆನಪಿದೆಯಾ? ನನಗೆ ಸಂಜೆ ಆರು, ನಿಮಗೆ ರಾತ್ರಿ ಒಂಬತ್ತೂವರೆ. ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ ಆಗಷ್ಟೇ ಮುಗಿದಿತ್ತು. ನಮ್ಮ ದೊಡ್ಡಮ್ಮ ಊರಿಂದ ಕಾಲ್‌ಗೆ ಬಂದು, ಹಬ್ಬದ ಎಡೆ ಹೊಲಕ್ಕೆ ಒಯ್ಯುವ, ಚಿತ್ತಾರ ಬರೆದಿದ್ದ ಭೂಮಣ್ಣಿ ಬುಟ್ಟಿಯನ್ನು ಕ್ಯಾಮೆರಾದ ಹತ್ತಿರ ಹಿಡಿದು ನಿಮಗೆ ತೋರಿಸಿದರು. "ಹಿಂಗೇ ಬರೀತೀನಿ, ಇದಕ್ಕಿಂತ ದೊಡ್ಡದು" ಅಂದರು. ನೀವು "ಸೂಪರ್ ಅಮ್ಮ, ನಮ್ಮ ಸ್ಟೇಜ್‌ಗೆ ಇದೇ ಹೈಲೈಟ್" ಅಂದಿರಿ.

ಒಪ್ಪಂದದ ಮೂರನೇ ಪುಟದಲ್ಲಿ ಅದು ಅಚ್ಚಾಗಿದೆ. ವೇದಿಕೆಯ ಹಿಂಭಾಗಕ್ಕೆ ಮನೆಯವರು ತರುವ ಹಸೆ ಚಿತ್ತಾರದ ಮೂರು ಹಲಗೆ, ಚೌಕಟ್ಟು ಮತ್ತು ದೀಪ ನಿಮ್ಮದು, ಅದಕ್ಕೆ 42,000 ರೂಪಾಯಿ. ನಾಲ್ಕನೇ ಪುಟದಲ್ಲಿ ತಾಜಾ ಸಿಂಗಾರ ಮತ್ತು ಹೂವಿಗೆ 36,000. ಎಲ್ಲ ಸೇರಿ 6,50,000, ಅದರ ಮೇಲೆ ಶೇ. 18 ಜಿಎಸ್‌ಟಿ 1,17,000, ಒಟ್ಟು 7,67,000 ರೂಪಾಯಿ. ಮೂರು ಕಂತಿನಲ್ಲಿ ಪೂರ್ತಿ ಕೊಟ್ಟಿದ್ದೇವೆ. ಒಂದು ದಿನವೂ ತಡ ಮಾಡಿಲ್ಲ.

ಆ ಮೂರು ಹಲಗೆ ಹೇಗೆ ತಯಾರಾದವು ಅಂತ ನಿಮಗೆ ಗೊತ್ತಾಗಬೇಕು. ಜನವರಿಯಲ್ಲಿ ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಪ್ಲೈವುಡ್‌ಗೆ ಹತ್ತಿಬಟ್ಟೆ ಅಂಟಿಸಿ, ಕೆಮ್ಮಣ್ಣು ಸೋಸಿ ಮೂರು ಸಲ ಬಳಿದರು. ಬಿಳಿ ಬಣ್ಣಕ್ಕೆ ಅಕ್ಕಿ ನೆನೆಸಿ ಅರೆದರು. ಕಪ್ಪಿಗೆ ಅಕ್ಕಿಯನ್ನೇ ಕರಟುವಷ್ಟು ಹುರಿದರು. ಹಳದಿ ಬಣ್ಣ ಗುರಿಗೆ ಗಿಡದ ಕಾಯಿಯದು. ಕುಂಚ ಪುಂಡಿ ನಾರಿನದು. ದೊಡ್ಡಮ್ಮನಿಗೆ 67 ವರ್ಷ, ಒಂದು ಕಣ್ಣಿಗೆ ಆಪರೇಷನ್ ಆಗಿದೆ. ಸ್ಕೇಲ್ ಇಡುವುದಿಲ್ಲ. ಎಳೆ ಎಳೆಯುವಾಗ ಉಸಿರು ಬಿಗಿ ಹಿಡಿಯುತ್ತಾರೆ, ಎಳೆ ಮುಗಿದ ಮೇಲೆ ಬಿಡುತ್ತಾರೆ. ಸಂಜೆ ಹೊತ್ತು ಅಕ್ಕಪಕ್ಕದ ಹೆಂಗಸರು ಜಗಲಿಗೆ ಬಂದು ಕೂತು ಹಾಡು ಹೇಳುತ್ತಿದ್ದರು. ಹೀಗೆ 19 ದಿನ. ಆಮೇಲೆ ಪಿಕಪ್ ಗಾಡಿಯಲ್ಲಿ ಕಂಬಳಿ ಹಾಸಿ, ಸಾಗರದ ಕಡೆಯಿಂದ ಸುಮಾರು 70 ಕಿಲೋಮೀಟರ್, ಆನಂದಪುರದ ಮೇಲೆ ನಿಧಾನವಾಗಿ ತಂದು, ಮದುವೆಯ ಹಿಂದಿನ ದಿನ ಮಧ್ಯಾಹ್ನ ನಿಮ್ಮ ಸೂಪರ್‌ವೈಸರ್ ಕೈಗೆ ಒಪ್ಪಿಸಿದೆವು. "ನೀರು ತಾಗಬಾರದು" ಅಂತ ನನ್ನ ತಮ್ಮ ಎರಡು ಸಲ ಹೇಳಿದ. ಅಕ್ಕಿ ಹಿಟ್ಟು, ಮಣ್ಣು. ನೀರು ಬಿದ್ದರೆ ಏನು ಉಳಿಯುತ್ತೆ?

ಮದುವೆಯ ಬೆಳಿಗ್ಗೆ ನಾನು ರೂಮಿನಲ್ಲಿ ತಯಾರಾಗುತ್ತಿದ್ದೆ. ಮಂಟಪ ನೋಡಿರಲಿಲ್ಲ. ಮುಹೂರ್ತಕ್ಕೆ 20 ನಿಮಿಷ ಇದ್ದಾಗ ಕರೆದುಕೊಂಡು ಬಂದರು. ತಲೆ ಎತ್ತಿ ನೋಡಿದರೆ ಎದುರಿಗೆ ಇಡೀ ವೇದಿಕೆ ತುಂಬ ಮಿರಮಿರ ಮಿಂಚುವ ಫ್ಲೆಕ್ಸ್. ಅದರಲ್ಲಿ ಇದ್ದದ್ದು ಚಿತ್ತಾರವೂ ಅಲ್ಲ. ತ್ರಿಕೋನದ ಮೈಯ ಮನುಷ್ಯರು ಸುತ್ತುಗಟ್ಟಿ ಕುಣಿಯುವ ವಾರ್ಲಿ ಚಿತ್ರ. ವಾರ್ಲಿ ಮಹಾರಾಷ್ಟ್ರದ ಆದಿವಾಸಿಗಳ ಕಲೆ. ಅವರಿಗೆ ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು, ಅದರ ಮೇಲೆ ಗೌರವ ಇದೆ. ಆದರೆ ಕೆಂಪು ನೆಲ, ಬಿಳಿ ಗೆರೆ ಕಂಡ ಕೂಡಲೇ ಎರಡೂ ಒಂದೇ ಅಂದುಕೊಂಡು, ಇಂಟರ್‌ನೆಟ್‌ನಿಂದ ತೆಗೆದು ಪ್ರಿಂಟ್ ಹೊಡೆಸಿ, ನಮ್ಮ ಹಸೆಯ ಜಾಗದಲ್ಲಿ ಕಟ್ಟಿದಿರಲ್ಲ! ಶಿವಮೊಗ್ಗ ಜಿಲ್ಲೆಯಲ್ಲೇ ಕೂತು, ಸಾಗರ ಸೊರಬದ ಮನೆ ಗೋಡೆಯ ಮೇಲಿನ ಕಲೆ ಯಾವುದು ಅಂತ ತಿಳಿಯದೆ ಹೋಯಿತಲ್ಲ.

ಹಾಡು ಹೇಳಲು ಬಂದಿದ್ದ ಹೆಂಗಸರು ಆ ಕಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತು ಯಾರಿಗೂ ಹಾಡು ಎತ್ತಿಕೊಳ್ಳಲು ಆಗಲಿಲ್ಲ. ದೊಡ್ಡಮ್ಮ ಎಲ್ಲಿ ಅಂತ ಹುಡುಕಿದೆ. ಹಿಂದಿನ ಸಾಲಿನ ಕೊನೆ ಕುರ್ಚಿಯಲ್ಲಿ ಕೂತಿದ್ದರು. ಆಮೇಲೆ ಗೊತ್ತಾಯಿತು, ಬೆಳಿಗ್ಗೆ ಆರಕ್ಕೇ ಬಂದು ಹಲಗೆ ಎಲ್ಲಿ ಅಂತ ಅವರು ಕೇಳಿದ್ದರು. ನಿಮ್ಮ ಸೂಪರ್‌ವೈಸರ್ ಕೊಟ್ಟ ಉತ್ತರ: "ಅಜ್ಜಿ, ಅದು ಥೀಮ್‌ಗೆ ಮ್ಯಾಚ್ ಆಗಲ್ಲ, ಫೋಟೋದಲ್ಲಿ ಡಲ್ ಹೊಡೆಯುತ್ತೆ. ಹುಡುಗಿ ಫಾರಿನ್‌ನಿಂದ ಬಂದಿದ್ದಾಳೆ, ಗ್ರ್ಯಾಂಡ್ ಆಗಿ ಕಾಣಬೇಕು." ಮದುವೆ ಮನೆಯಲ್ಲಿ ಗಲಾಟೆ ಬೇಡ ಅಂತ ದೊಡ್ಡಮ್ಮ ಸುಮ್ನೆ ಆಗಿದ್ದಾರೆ. ನನಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

ಫ್ಲೆಕ್ಸ್ ಇಳಿಸಿ ಅಂತ ನಾನು ಹೇಳಿದೆ. "ಮುಹೂರ್ತ ಮೀರುತ್ತೆ, ಬಾ ಮಗಳೇ" ಅಂತ ಅಪ್ಪ ಕೈ ಹಿಡಿದರು. ಧಾರೆ ಆ ಫ್ಲೆಕ್ಸ್ ಎದುರೇ ಆಯಿತು. ಆ ಗಳಿಗೆ ಇನ್ನೊಂದು ಸಲ ಬರುವುದಿಲ್ಲ, ಅಲ್ವಾ?

ಊಟ ಮುಗಿಯುವ ಹೊತ್ತಿಗೆ ನನ್ನ ತಮ್ಮ ಹಲಗೆಗಳನ್ನು ಹುಡುಕಿದ. ಅಡುಗೆ ಮನೆಯ ಹಿಂದೆ, ಪಾತ್ರೆ ತೊಳೆಯುವ ಜಾಗದಲ್ಲಿ, ಗೋಡೆಗೆ ಒರಗಿಸಿ ಇಟ್ಟಿದ್ದಿರಿ. ಸೀರೆಯ ಸೆರಗು ಎತ್ತಿಕೊಂಡು ನಾನೂ ಅಲ್ಲಿಗೆ ಹೋದೆ. ಎರಡು ಹಲಗೆಯ ಕೆಳಗಿನ ಒಂದೂವರೆ ಅಡಿ ಪೂರ್ತಿ ನೆನೆದಿತ್ತು. ಅಕ್ಕಿಯ ಬಿಳಿ ಗೆರೆಗಳು ಹಾಲಿನ ಹಾಗೆ ಇಳಿದು, ಕೆಮ್ಮಣ್ಣಿನ ಜೊತೆ ಕಲಸಿ, ಚರಂಡಿ ಕಡೆ ಹರಿದ ಗುರುತು ನೆಲದ ಮೇಲಿತ್ತು. ದೊಡ್ಡಮ್ಮ ಬಗ್ಗಿ ಒಂದು ಎಳೆಯನ್ನು ಬೆರಳಿನಿಂದ ಮುಟ್ಟಿದರು. ಬೆರಳಿಗೆ ಬಂತು. ಅದನ್ನು ಸೆರಗಿಗೆ ಒರೆಸಿಕೊಂಡು "ಹೋಗ್ಲಿ ಬಿಡು, ನೀನು ಅಳಬೇಡ, ಮದುಮಗಳು" ಅಂದರು. ನೆದರ್ಲೆಂಡ್ಸ್‌ನಿಂದ ಬಂದಿದ್ದ ಗೆಳತಿ ಹಿಂದೆಯೇ ನಿಂತಿದ್ದಳು. ದೊಡ್ಡಮ್ಮ ಬರೆಯುತ್ತಿದ್ದ ಫೋಟೋಗಳನ್ನು ಅವಳಿಗೆ ದಿನಾ ಕಳಿಸುತ್ತಿದ್ದೆ. ಬೆಳಿಗ್ಗೆಯಿಂದ ಆ ಚಿತ್ತಾರ ಎಲ್ಲಿದೆ ಅಂತ ಕೇಳುತ್ತಲೇ ಇದ್ದಳು. ಅವಳು ಅದನ್ನು ನೋಡಿದ್ದು ಅಲ್ಲಿ, ಹಾಗೆ.

ಇನ್ನು ಸಿಂಗಾರದ ವಿಷಯ. ಮಂಟಪದ ಕಂಬಗಳಲ್ಲಿ ತೂಗುತ್ತಿದ್ದದ್ದು ಪ್ಲಾಸ್ಟಿಕ್ ಸಿಂಗಾರ. ಸುತ್ತ ಎಲ್ಲಿ ನೋಡಿದರೂ ಅಡಿಕೆ ತೋಟ ಇರುವ ಜಿಲ್ಲೆ ಇದು. ಕೇಳಿದ್ದರೆ ನಮ್ಮ ತೋಟದಿಂದಲೇ ಕೊಯ್ದು ತರುತ್ತಿದ್ದೆವು. ತಾಜಾ ಸಿಂಗಾರ ಹಾಳೆ ಬಿಡಿಸಿದಾಗ ಬರುವ ಆ ಪರಿಮಳ ಮಂಟಪದಲ್ಲಿ ಇರಲಿ ಅಂತ ತಾನೇ ಅಷ್ಟು ಒತ್ತಿ ಹೇಳಿದ್ದು. ಮಂಟಪದ ಮೇಲಿನ ಗೋಪುರ ಥರ್ಮೋಕೋಲ್‌ನದು. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಇದೇ ಕಸುಬು ಮಾಡುವ ನಿಮಗೆ ಅದು ಗೊತ್ತಿರಲೇಬೇಕು.

ವಿಮಾನ ನಿಲ್ದಾಣಕ್ಕೆ ಕಳಿಸಬೇಕಿದ್ದ ಗಾಡಿ ಒಂದೂವರೆ ಗಂಟೆ ತಡವಾಗಿದ್ದನ್ನು ಇಲ್ಲಿ ಎಳೆಯುವುದಿಲ್ಲ. ಅದಕ್ಕೆ ನಿಮ್ಮ ಡ್ರೈವರ್ ಅಲ್ಲೇ ಕ್ಷಮೆ ಕೇಳಿದರು, ಮುಗಿಯಿತು. ಊಟ ಬಡಿಸಿದ ನಿಮ್ಮ ಹುಡುಗರು ತುಂಬ ಚೆನ್ನಾಗಿ ನಡೆದುಕೊಂಡರು. ವಯಸ್ಸಾದವರಿಗೆ ಎಲೆಯ ಹತ್ತಿರ ಬಗ್ಗಿ ಕೇಳಿ ಕೇಳಿ ಬಡಿಸಿದರು. ಅದನ್ನೂ ಹೇಳಬೇಕು, ಹೇಳುತ್ತಿದ್ದೇನೆ.

ಆದರೆ ಹಣದ ಒಂದು ವಿಷಯ ಬಿಡಲು ಆಗುವುದಿಲ್ಲ. ಮದುವೆಯ ಹಿಂದಿನ ರಾತ್ರಿ ನಿಮ್ಮ ಸೂಪರ್‌ವೈಸರ್ ಅಪ್ಪನ ಹತ್ತಿರ ಬಂದು, "ಬ್ಯಾಕ್‌ಡ್ರಾಪ್ ಅಪ್‌ಗ್ರೇಡ್" ಅಂತ 25,000 ರೂಪಾಯಿ ನಗದು ತೆಗೆದುಕೊಂಡಿದ್ದಾರೆ. ಬಿಲ್ ಇಲ್ಲ, ಚೀಟಿ ಇಲ್ಲ. ಚಿತ್ತಾರಕ್ಕೆ ಒಳ್ಳೆ ದೀಪ ಹಾಕುತ್ತಾರೆ ಅಂದುಕೊಂಡು ಅಪ್ಪ ಕೊಟ್ಟರು. ಅಂದರೆ ದೊಡ್ಡಮ್ಮನ ಚಿತ್ತಾರ ತೆಗೆದುಹಾಕುವುದಕ್ಕೆ ನಮ್ಮ ಅಪ್ಪನ ಕೈಯಿಂದಲೇ ದುಡ್ಡು ಕೊಡಿಸಿದಿರಿ. ಇದನ್ನು ಅಪ್ಪ ಇವತ್ತಿಗೂ ನೆನೆಸಿಕೊಂಡು ನೊಂದುಕೊಳ್ಳುತ್ತಾರೆ. ನನಗೆ ನಿದ್ದೆ ಕೆಡಿಸಿರುವುದೂ ಇದೇ.

ಹೊರದೇಶದಲ್ಲಿದ್ದು ಬಂದವರಿಗೆ ಊರಿನದ್ದು ಡಲ್ ಅನ್ನಿಸುತ್ತದೆ ಅಂತ ನೀವು ತೀರ್ಮಾನ ಮಾಡಿಬಿಟ್ಟಿರಿ. ನನ್ನ ಪರವಾಗಿ ಆ ತೀರ್ಮಾನ ಮಾಡಲು ನಿಮಗೆ ಯಾರೂ ಹೇಳಿರಲಿಲ್ಲ. ಫೋನ್ ಎತ್ತಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಅದೇ ಛತ್ರದಲ್ಲಿ, ಎರಡನೇ ಮಹಡಿಯಲ್ಲಿ ಇದ್ದೆ.

ಈಗ ನಾನು ಕೇಳುತ್ತಿರುವುದು ಇಷ್ಟು. ವೇದಿಕೆ ಹಿಂಭಾಗದ 42,000 ಮತ್ತು ತಾಜಾ ಸಿಂಗಾರ, ಹೂವಿನ 36,000, ಸೇರಿ 78,000. ಇದರ ಮೇಲೆ ನಾವು ಕಟ್ಟಿದ ಜಿಎಸ್‌ಟಿ 14,040. ನಗದಾಗಿ ಪಡೆದ 25,000. ಒಟ್ಟು 1,17,040 ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನದೊಳಗೆ ಅಪ್ಪನ ಖಾತೆಗೆ ಹಾಕಬೇಕು. ಹಾಳಾದ ಹಲಗೆಗಳಿಗೆ ನಾನು ಬೆಲೆ ಕೇಳುತ್ತಿಲ್ಲ. 19 ದಿನಕ್ಕೆ ಕೂಲಿ ಕಟ್ಟಿ ದೊಡ್ಡಮ್ಮನ ಮುಂದೆ ಇಡುವುದು ನನ್ನಿಂದ ಆಗದ ಕೆಲಸ. ನಿಮ್ಮ ಜಾಹೀರಾತಿನಲ್ಲಿ ಆ ಫ್ಲೆಕ್ಸ್ ಇರುವ ನಮ್ಮ ಮದುವೆ ಫೋಟೋ ಹಾಕಿ, ಕೆಳಗೆ "ಮಲೆನಾಡಿನ ಹಸೆ ಚಿತ್ತಾರದ ಥೀಮ್" ಅಂತ ಬರೆದುಕೊಂಡಿದ್ದೀರಿ. ಅದನ್ನು ಇವತ್ತೇ ತೆಗೆಯಿರಿ. ನಮ್ಮ ಒಪ್ಪಿಗೆ ಇಲ್ಲ, ಬರೆದಿರುವುದೂ ಸುಳ್ಳು.

ಇಷ್ಟಕ್ಕೂ ಉತ್ತರ ಬರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿದ ಸೇವೆ ಕೊಡದಿರುವುದು ಸೇವಾ ನ್ಯೂನತೆ. ದೂರು ಕೊಡಲು ಎರಡು ವರ್ಷ ಸಮಯ ಇದೆ. ಒಪ್ಪಂದ, ಮೂರು ಕಂತಿನ ರಸೀದಿ, ಹಲಗೆ ಒಪ್ಪಿಸಿದಾಗ ತೆಗೆದ ಫೋಟೋ, ನೆನೆದ ಹಲಗೆಯ ಫೋಟೋ, ಎಲ್ಲವೂ ನನ್ನ ಹತ್ತಿರ ಇವೆ. ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ನೀವೂ ಇದೇ ಊರಲ್ಲಿ ಕೆಲಸ ಮಾಡಬೇಕಾದವರು.

ಕೊನೆಯದಾಗಿ, ನನಗೆ ಹಣಕ್ಕಿಂತ ಮುಖ್ಯವಾದದ್ದು. ದೊಡ್ಡಮ್ಮನಿಗೆ ಒಂದು ಕ್ಷಮೆ ಪತ್ರ ಬರೆಯಿರಿ. ನನಗಲ್ಲ, ಅಪ್ಪನಿಗಲ್ಲ, ಅವರ ಹೆಸರಿಗೆ. ಹಲಗೆ ಯಾಕೆ ತೆಗೆದಿರಿ, ಎಲ್ಲಿ ಇಟ್ಟಿರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಅದನ್ನು ನಿಮ್ಮ ಸೂಪರ್‌ವೈಸರ್ ಕೈಯಲ್ಲಿ ಕೊಟ್ಟು ಊರಿಗೆ ಕಳಿಸಿ, ಅಂಚೆಯಲ್ಲಿ ಬೇಡ. ಉಳಿದ ಒಂದು ಹಲಗೆಯನ್ನು ಜಗಲಿಯ ಗೋಡೆಗೆ ನಿಲ್ಲಿಸಿದ್ದೇವೆ, ಅವರು ಬಂದರೆ ನೋಡಬಹುದು. ಕನ್ನಡದಲ್ಲೇ ಬರೆಯಿರಿ, ಸ್ವಲ್ಪ ದೊಡ್ಡ ಅಕ್ಷರದಲ್ಲಿ. ದೊಡ್ಡಮ್ಮ ತಾವೇ ಓದಿಕೊಳ್ಳುತ್ತಾರೆ.

ಇಂತಿ,
ಒಪ್ಪಂದಕ್ಕೆ ಸಹಿ ಮಾಡಿದ ಮದುಮಗಳು

ಲಗತ್ತು: ಒಪ್ಪಂದದ ಪ್ರತಿ, ರಸೀದಿ 3, ಫೋಟೋ 11